ಜಾಳಿಯ ಮೇಲೆ ಮುರುಮ್

ಆ ದಿನ ನಾನು ಬೀದರಕ್ಕೆ ಹೋಗಬಾರದಿತ್ತು. ಅಲ್ಲಿಯ ಚಿದ್ರಿ ಬಡಾವಣೆಯಲ್ಲಿ ತಂಗಿಯ ಕೂಸಿನ ತೊಟ್ಟಿಲ ಶಾಸ್ತ್ರ, ಸೋದರಮಾವನೇ ಬರದಿದ್ದರೆ ಹೇಗೆ ಎಂದು ಮನೆಯವರೆಲ್ಲ ಬೆನ್ನು ಬಿದ್ದರು. ಭಾಲ್ಕಿಯಿಂದ ಔರಾದ ಕಡೆಗೆ ಹಾಕುತ್ತಿದ್ದ ಹೊಸ ರಸ್ತೆಗೆ ನಾನೇ ಸೂಪರ್‌ವೈಸರ್. ಎರೆಮಣ್ಣಿನ ಮೇಲೆ ಜಿಯೋಗ್ರಿಡ್ ಎಂಬ ಕರಿ ಪ್ಲಾಸ್ಟಿಕ್ ಜಾಳಿ ಹಾಸಿ, ಅದರ ಮೇಲೆ ಜಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಕಡಿ, ಸುರಿಯಬೇಕಿತ್ತು. "ಜಾಳಿ ಹಾಸ್ರಿ, ಕಡಿ ಹಾಕ್ರಿ, ನಾಳಿ ಬರ್ತೇನಿ" ಎಂದು ಕೂಲಿ ಗುಂಪಿನ ಮುಂದಾಳು ಸುಂದರಬಾಯಿಗೆ ಹೇಳಿ ಬೈಕ್ ಹತ್ತಿದೆ.

ಅದು ೨೦೧೬ರ ಬೇಸಿಗೆ. ಸುತ್ತಲಿನ ಊರುಗಳ ಅರ್ಧ ಜನ ಆಗಲೇ ಹೈದರಾಬಾದಿಗೆ ಗುಳೆ ಹೋಗಿದ್ದರು. ಸುಂದರಬಾಯಿಯ ಹದಿನಾಲ್ಕು ಜನ ಉಳಿದದ್ದು ಈ ಕೆಲಸವನ್ನು ನಂಬಿ. ಮಳೆಗಾಲದವರೆಗೆ ಕೆಲಸ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟವನು ನಾನೇ.

ಮರುದಿನ ಬಂದಾಗ ಮುನ್ನೂರು ಮೀಟರ್ ಮುಗಿದಿತ್ತು. ಅಂಚಿನಲ್ಲಿ ಜಲ್ಲಿ ಸರಿಸಿ ನೋಡಿದೆ. ಜಾಳಿಯ ಮೇಲೆ ಎರಡು ಬೆರಳು ದಪ್ಪ ಕೆಂಪು ಮುರುಮ್ ಮಣ್ಣು. ಜಾಳಿಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು.

"ಯಾರು ಹೇಳಿದ್ರು ಇದನ್ನ ಹಾಕ್ಲಿಕ್ಕಿ?"

"ಯಾರೂ ಹೇಳಿಲ್ರಿ ವೈಜಿನಾಥ ಸಾಹೇಬ್ರ. ಮನ್ಯಾಗ ಫರಸಿ ಕಲ್ಲು ಹಾಸೂಮುಂದ ಕೆಳಗ ಮುರುಮ್ ಹಾಕ್ತೇವಲ್ರಿ, ಹಂಗ. ಕಡಿ ಚುಚ್ಚಿ ಜಾಳಿ ಹರೀಬಾರ್ದಂತ ಸಾಣಿಸಿ ಹಾಕೀವ್ರಿ" ಎಂದಳು ಸುಂದರಬಾಯಿ. ಶಹಬ್ಬಾಸ್ ಅನ್ನುತ್ತೇನೆಂದು ಕಾಯುತ್ತಿದ್ದಳು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಬರಕ್ಕೆ ಒಣಗಿದ ಎರೆ ನೆಲ ಕಬ್ಬಿಣದಂತಿತ್ತು, ಪರೀಕ್ಷೆಯಲ್ಲಿ ಈ ತುಂಡು ಪಾಸಾಗಿಬಿಡುತ್ತಿತ್ತು. ಆದರೆ ಮಳೆ ಬಿದ್ದು ಎರೆ ಉಬ್ಬಿ ಮೆತ್ತಗಾದರೆ ರಸ್ತೆ ಕುಸಿಯುತ್ತದೆ, ಅದರ ಮೇಲೆ ಬಸ್ಸು ಬರುತ್ತದೆ. ಎರಡು ದಿನ ಮುಂದೂಡಿದೆ. ಮೂರನೆಯ ದಿನ ಗುತ್ತಿಗೆದಾರನಿಗೆ ಹೇಳಿದೆ.

ಆತ ನನ್ನನ್ನು ಉಳಿಸಿಕೊಂಡು ಸುಂದರಬಾಯಿಯ ಗುಂಪನ್ನು ಕೆಲಸದಿಂದ ತೆಗೆದ. "ಓದಿಲ್ಲದವ್ರ ಕೈಲಿ ಇಂಥಾ ಕೆಲಸ ಆಗಂಗಿಲ್ಲ" ಎಂದ. ನಾನು ತಲೆ ಆಡಿಸಿದೆ. ತಪ್ಪು ನನ್ನದು ಎಂದು ಹೇಳಲಿಲ್ಲ, ಹೇಡಿ ನಾನು. ಮರುದಿನವೇ ರಸ್ತೆ ಅಗೆಯಲು ಜೆಸಿಬಿ ಬಂತು.

ಭಾಲ್ಕಿಯಲ್ಲಿ ಹೈದರಾಬಾದಿನ ಟೆಂಪೊ ಹತ್ತುವ ಮುಂಚೆ ಸುಂದರಬಾಯಿ ನನ್ನ ಹತ್ತಿರ ಬಂದಳು. "ಈಗರ ಹೇಳ್ರಿ ಸಾಹೇಬ್ರ, ಆ ಜಾಳಿ ಕಣ್ಣು ಯಾಕ ತೆರೆದಿರಬೇಕಿತ್ತು?"

ಹೇಳಿದೆ. ಜಲ್ಲಿ ಆ ಕಣ್ಣಿನೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ, ಒಂದು ಕಲ್ಲು ಇನ್ನೊಂದನ್ನು ಹಿಡಿಯುತ್ತದೆ, ಕೆಳಗಿನ ಮಣ್ಣು ಮೆತ್ತಗಾದರೂ ಜಾರುವುದಿಲ್ಲ. ಇದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಸುಂದರಬಾಯಿ ಗಂಟನ್ನು ಟೆಂಪೊದೊಳಗೆ ಎತ್ತಿಟ್ಟು ತಿರುಗಿದಳು.

"ಇಷ್ಟೇ ಏನ್ರಿ? ಇಷ್ಟು ನಮಗ ತಿಳೀತಿರಲಿಲ್ಲೇನ್ರಿ?"