ಅಂಜೂರದ ಜಾಡಿಯ ಅಳತೆನೀರು

ನೀರಿನ ಉಪ್ಪು ಅಳೆಯುವ ಮೀಟರಿಗೆ ತೊಂಬತ್ತು ಯೂರೋ. ಅದನ್ನು ಸರಿಹೊಂದಿಸಲು ಬೇಕಾದ ಅಳತೆನೀರಿನ ಬಾಟಲಿಗೆ ಹನ್ನೆರಡು. ಲೆಕ್ಕದಷ್ಟು ಉಪ್ಪು ಕರಗಿಸಿದ ನೀರು, ಅಷ್ಟೇ. ಅದಕ್ಕೆ ಹನ್ನೆರಡು!

ನೆರೆತ್ವಾ ನದಿ ಕಡಲು ಸೇರುವ ತಗ್ಗಿನಲ್ಲಿ ಗಂಡ ನೆಟ್ಟುಹೋದ ಇನ್ನೂರ ಹತ್ತು ಕಿತ್ತಳೆ ಗಿಡಗಳೇ ನನಗೂ ಮೈದುನ ಯೆರ್ಕೊಗೂ ಬದುಕು. ಬೇಸಿಗೆಯಲ್ಲಿ ನದಿ ಸೊರಗಿದರೆ ಕಡಲು ತೋಟದ ಕಾಲುವೆಗೆ ನುಗ್ಗುತ್ತದೆ. ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಮೀಟರಿನ ಅಂಕಿ ಏರುತ್ತದೆ. ಒಂದೂವರೆ ದಾಟಿದರೆ ಗಿಡಗಳಿಗೆ ಆ ನೀರು ಬಿಡಲು ಪಂಪು ಹಾಕುವಂತಿಲ್ಲ.

ಪ್ರತಿ ಸೋಮವಾರ ಯೆರ್ಕೊ ಅಳತೆನೀರನ್ನು ಲೋಟಕ್ಕೆ ಬಗ್ಗಿಸಿ, ಮೀಟರಿನ ಮೂತಿ ಅದ್ದಿ, ಅಂಕಿ ಹೊಂದಿಸಿ, ನೀರನ್ನು ಚೆಲ್ಲುತ್ತಿದ್ದ.

"ಚೆಲ್ತೀಯಲ್ಲೋ! ನಿಮ್ಮಪ್ಪ ದುಡಿದಿಟ್ಟದ್ದಾ?"

"ಮತ್ತೆ ಬಳಸಬಾರದಂತೆ ಅತ್ತಿಗೆ. ಬಾಟಲಿ ಮೇಲೇ ಬರೆದಿದೆ."

"ಬರೀದೆ ಇರ್ತಾರಾ? ಇನ್ನೊಂದು ಮಾರಬೇಕಲ್ಲ!"

ಅಂಜೂರದ ಜಾಮ್ ಮುಗಿದಿದ್ದ ಅಗಲಬಾಯಿಯ ಜಾಡಿ ತೊಳೆದು, ಹೊಸ ಬಾಟಲಿಯನ್ನು ಪೂರ್ತಿ ಸುರಿದು, ಪಂಪ್‌ಮನೆಯ ಕಿಟಕಿಯಲ್ಲಿಟ್ಟೆ. ವಾರವಾರವೂ ಅದರಲ್ಲೇ ಅದ್ದಿ ಎತ್ತು, ಚೆಲ್ಲಬೇಡ ಎಂದೆ ಯೆರ್ಕೊಗೆ. ಮುಚ್ಚಳ ತುಕ್ಕು ಹಿಡಿದಿತ್ತು, ಎಸೆದೆ.

ಆಗಸ್ಟಿನಲ್ಲಿ ಪಕ್ಕದ ತೋಟದ ಲುತ್ಸೆ ದೊಡ್ಡಮ್ಮ ಕಾಲುವೆಯ ನೀರನ್ನು ನಾಲಗೆಗೆ ಹಚ್ಚಿ ಉಗಿದಳು.

"ಇದ್ರಲ್ಲಿ ಮೀನು ಬೇಯಿಸ್ಬಹುದು ಕಣೇ ಪೆರಿನಾ. ಉಪ್ಪೇ ಬೇಡ."

"ಮೀಟರು ಒಂದು ಪಾಯಿಂಟ್ ಮೂರು ಅಂತಿದೆ. ನಿಮ್ಮ ನಾಲಗೆಗೆ ಎಂಬತ್ತಾಯ್ತು ದೊಡ್ಡಮ್ಮ."

"ಆಗಲಿ. ಇದಕ್ಕೆ ವಾರವಾರ ಪಾಠ ಹೇಳ್ಕೊಡೋದು ಬೇಡ ನೋಡು."

ನಕ್ಕು ಪಂಪು ಹಾಕಿಸಿದೆ. ತಿಂಗಳಿಡೀ ಹಾಕಿಸಿದೆ. ಎಲೆಯ ತುದಿ ಸುಟ್ಟಂತಾಯಿತು, ಎಲೆ ಉದುರಿತು, ಆಮೇಲೆ ಹಸಿರು ಕಾಯಿ.

ಯೆರ್ಕೊ ಜಾಡಿಯನ್ನು ತಂದು ನನ್ನ ಮುಂದಿಟ್ಟ.

"ಇದರಿಂದ ಒಂದು ಹನೀನೂ ಚೆಲ್ಲಿಲ್ಲ ಅತ್ತಿಗೆ. ಅರ್ಧ ಎಲ್ಲಿಗೆ ಹೋಯ್ತು?"

ದಿನಾ ಸಾರು ಕುದಿಸಿ ಬತ್ತಿಸುವವಳು ನಾನು, ತಿಳಿಯದೆ ಇರುತ್ತದೆಯೇ? ನೀರು ಬಿಸಿಲಿಗೆ ಹಾರಿತ್ತು. ಉಪ್ಪು ಅಷ್ಟೂ ಉಳಿದು, ನೀರು ಇಮ್ಮಡಿ ಉಪ್ಪಾಗಿತ್ತು. ಅದನ್ನೇ ಸರಿಯೆಂದು ಕಲಿತ ಮೀಟರು ಕಾಲುವೆಯ ಉಪ್ಪನ್ನು ಅರ್ಧಕ್ಕಿಳಿಸಿ ಹೇಳುತ್ತಿತ್ತು.

ಯೆರ್ಕೊಗೆ ಅಳೆಯಲು ಬರುವುದಿಲ್ಲ ಎಂದು ಊರು ಆಡಿಕೊಂಡಿತು. ಅವನು ನನ್ನ ಮುಖ ನೋಡಿದ. ಜಾಡಿ ಇಟ್ಟವಳು ನಾನೆಂದು ಯಾರಿಗೂ ಹೇಳಲಿಲ್ಲ.

ಈಗ ಅಳೆಯುವವಳು ನಾನೇ, ಬಳಸಿದ್ದನ್ನು ಚೆಲ್ಲುತ್ತೇನೆ. ಗಿಡಗಳಲ್ಲಿ ಉಳಿದದ್ದು ಅರವತ್ತು. ಯೆರ್ಕೊ ಇದೇ ಮನೆಯಲ್ಲಿದ್ದಾನೆ. ಅತ್ತಿಗೆ ಎಂದು ಕರೆಯುವುದನ್ನು ಬಿಟ್ಟಿದ್ದಾನೆ.