ಗಂಟಿನ ಹೆಸರು

ಅಕ್ಕ ದರ್ಜಿ. ಮದುವೆಯ ಉಡುಪು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಬಾಯಿಯಂತೂ ಕತ್ತರಿಗಿಂತ ಹರಿತ. ತಂದೆತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ ಓದಿಸಿ ಶಾಲೆಯ ಟೀಚರ್ ಮಾಡಿದವಳು ಅವಳೇ. ಅರವತ್ತು ದಾಟಿದ ಮೇಲೆ ಮೈತುಂಬ ನವೆ, ದದ್ದು ಶುರುವಾದಾಗ "ಬಟ್ಟೆ ಧೂಳು ಕಣೇ, ಬಿಡು" ಎಂದು ತಳ್ಳಿಹಾಕಿದಳು. ಆಮೇಲೆ ಜ್ವರ, ಕುತ್ತಿಗೆಯಲ್ಲಿ ಗಂಟು. ಬಡಾವಣೆಯ ಡಾಕ್ಟರು ಅಲರ್ಜಿ ಎಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಗಂಟು ಕರಗಿತು. ಮಾತ್ರೆ ನಿಂತದ್ದೇ ತಡ ಮತ್ತೆ ಎದ್ದಿತು, ಈ ಸಲ ಕಂಕುಳಲ್ಲೂ.

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಚುಚ್ಚಿ ತೆಗೆದ ಚೂರು ನೆಲಮಾಳಿಗೆಯ ಲ್ಯಾಬಿಗೆ ಹೋಯಿತು. ಅಲ್ಲಿನ ಪೆಥಾಲಜಿಸ್ಟ್ ಡಾಕ್ಟರಮ್ಮ ಸ್ಲೈಡ್ ನೋಡಿ ಸರ್ಜನ್ನರಿಗೆ ಫೋನ್ ಮಾಡಿದರು.

"ಇಷ್ಟು ಚೂರಲ್ಲಿ ಏನೂ ಗೊತ್ತಾಗಲ್ಲ. ಗಂಟನ್ನ ಇಡಿಯಾಗಿ ತೆಗೆದುಕೊಡಿ."

"ಆಯಮ್ಮ ಮೊದಲೇ ಸೊರಗಿದ್ದಾರೆ. ಇದ್ದಿದ್ರಲ್ಲೇ ಏನಾದ್ರೂ ಹೇಳಿ ಮೇಡಂ."

"ಊಹೆ ಬೇಕಾದ್ರೆ ಹೇಳ್ತೀನಿ. ಊಹೆ ಮೇಲೆ ಕೀಮೋ ಕೊಡ್ತೀರಾ?"

ಇಡೀ ಗಂಟು ಬಂದಿತು. ಅದೂ ಸುಲಭಕ್ಕೆ ಬಾಯಿಬಿಡಲಿಲ್ಲ. ಸೋಂಕು ತಗುಲಿದಾಗ ಓಡಿಬರುವ ಎಲ್ಲ ಬಗೆಯ ಬಿಳಿರಕ್ತಕಣಗಳೂ ಅಲ್ಲಿ ಸಂತೆಯಂತೆ ನೆರೆದಿದ್ದವು. ನಡುವೆ ಎಳೆಯ ರಕ್ತನಾಳಗಳು ಕವಲೊಡೆದು ಹಬ್ಬಿದ್ದವು. ಕೇಡು ಮಾಡುವ ಕಣಗಳು ಮಾತ್ರ ಅಲ್ಲೊಂದು ಇಲ್ಲೊಂದು, ನೋಡಲು ಸಾಧುವಾಗಿದ್ದವು. ಡಾಕ್ಟರಮ್ಮ ಕಣಗಳ ಗುರುತು ಹಿಡಿಯಲು ಒಂದಾದ ಮೇಲೊಂದು ಬಣ್ಣದ ಪರೀಕ್ಷೆ ಮಾಡಿಸಿ, ಅವು ಬಿಳಿರಕ್ತಕಣಗಳದೇ ಒಂದು ಜಾತಿಯಾದ ಟಿ-ಕಣಗಳೆಂದೂ ಅವುಗಳಲ್ಲಿ ಯಾವ ಪಂಗಡವೆಂದೂ ಹಿಡಿದರು. ಎಲ್ಲವೂ ಒಂದೇ ಕಣದ ಸಂತಾನವೇ, ಅಂದರೆ ಕ್ಯಾನ್ಸರೇ, ಎಂಬುದನ್ನು ಮಾತ್ರ ಹೊರಗಿನ ಲ್ಯಾಬಿನ ಜೀನ್ ಪರೀಕ್ಷೆ ಹೇಳಬೇಕಿತ್ತು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು.

"ನಾನು ಒಂದು ನೋಟಕ್ಕೆ ಜನರ ಅಳತೆ ಹೇಳ್ತಿದ್ದೆ" ಎಂದು ತಂಗಿಯ ಮುಂದೆ ಗೊಣಗಿದಳು. "ಇವರಿಗೆ ನನ್ನ ಅಳತೆ ತೆಗೆಯೋಕೆ ಇಷ್ಟು ದಿನ ಬೇಕಾಯ್ತು ನೋಡು."

ಜೀನ್ ಪರೀಕ್ಷೆಯ ಉತ್ತರ ಹೌದೆಂದೇ ಬಂತು. ತಂಗಿ ತಡೆಯಲಾರದೆ ಲ್ಯಾಬಿನ ಬಾಗಿಲಿಗೇ ಬಂದು ನಿಂತಳು. ಇದು ಟಿ-ಕಣಗಳ ಲಿಂಫೋಮಾ, ರಕ್ತಕಣಗಳ ಕ್ಯಾನ್ಸರಿನಲ್ಲಿ ಒಂದು ಬಗೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಹೆಸರು ಸಿಕ್ತಲ್ಲ ಮೇಡಂ, ಇನ್ನು ಔಷಧಿನೂ ಇರುತ್ತೆ ಅಲ್ವಾ?"

"ಇದೆ. ಆದ್ರೆ ಹೇಳಿದ ಮಾತು ಕೇಳೋ ಕಾಯಿಲೆ ಅಲ್ಲಮ್ಮ ಇದು."

ತಂಗಿಯ ಕಿವಿಗೆ 'ಇದೆ' ಎಂಬುದಷ್ಟೇ ಬಿತ್ತು.

ಮೊದಲ ಕೀಮೋಗೆ ಗಂಟುಗಳು ಕುಗ್ಗಿದವು. ಅಕ್ಕ ಎದ್ದು ಕೂತು, ನರ್ಸ್‌ನ ಸಮವಸ್ತ್ರದ ಹೊಲಿಗೆಯಲ್ಲಿ ಕೊಂಕು ತೆಗೆದಳು. ಆಮೇಲೆ ಗಂಟುಗಳು ಮರಳಿದವು. ಔಷಧಿ ಬದಲಿಸಿದರು, ಶ್ವಾಸಕೋಶಕ್ಕೆ ಸೋಂಕು ಹಿಡಿಯಿತು.

"ಸಾಕು ಕಣೇ ಪುಟ್ಟಿ. ಮನೆಗೆ ಕರ್ಕೊಂಡು ಹೋಗು."

ತಂಗಿ ಆಂಬುಲೆನ್ಸ್‌ಗೆ ಹೇಳಿ ಬರುವುದರೊಳಗೆ ಉಸಿರು ನಿಂತಿತ್ತು.

ಕೆಲವು ವಾರಗಳಾದ ಮೇಲೆ ಅವಳು ಮತ್ತೆ ಲ್ಯಾಬಿಗೆ ಬಂದಳು. ಡಾಕ್ಟರಮ್ಮ ಕುರ್ಚಿ ಎಳೆದು ಕೂರಿಸಿದರು.

"ಒಂದೇ ಮಾತು ಕೇಳ್ಬೇಕು. ಮೊದಲು ತೋರಿಸಿದ ಡಾಕ್ಟ್ರು ಅಲರ್ಜಿ ಅಂದ್ರಲ್ಲ, ಆಗಲೇ ಗೊತ್ತಾಗಿದ್ರೆ ಅಕ್ಕ ಉಳೀತಿದ್ಲಾ?"

ಹೌದೆಂದಿದ್ದರೆ ಆಕೆಗೆ ಶಪಿಸಲು ಒಬ್ಬರು ಸಿಗುತ್ತಿದ್ದರು. ಡಾಕ್ಟರಮ್ಮನಿಗೆ ಅದು ಗೊತ್ತಿತ್ತು.

"ಸ್ವಲ್ಪ ದಿನ ಹೆಚ್ಚು ಸಿಗ್ತಿತ್ತೇನೋ. ಉಳೀತಿದ್ರು ಅಂತ ಹೇಳೋಕಾಗಲ್ಲಮ್ಮ. ಶುರುವಿನಲ್ಲಿ ಯಾರು ನೋಡಿದ್ರೂ ಅಲರ್ಜಿ ಅಂತಲೇ ಅನ್ನೋರು."

"ಹಾಗಾದ್ರೆ ಯಾರದೂ ತಪ್ಪಿಲ್ಲ."

"ಇಲ್ಲ."

"ಯಾರದಾದ್ರೂ ಇರಬೇಕಿತ್ತು ಮೇಡಂ."

ಡಾಕ್ಟರಮ್ಮ ನೀರು ಕೊಟ್ಟರು. ಅವಳು ಕುಡಿಯಲಿಲ್ಲ. ಶಾಲೆಗೆ ಹೊತ್ತಾಯಿತೆಂದು ಎದ್ದಳು. ಬಾಗಿಲು ದಾಟಿದವಳು, ಕಾರಿಡಾರಿನಲ್ಲಿ ಯಾವ ಕಡೆ ಹೋಗಬೇಕೆಂದು ತೋಚದೆ ನಿಂತುಬಿಟ್ಟಳು.