ಮೂರು ಬೆರಳ ಗುರುತು

"ಎಲ್ಲಾನೂ ಸುಟ್ರಾ?"

ತವರಿನಿಂದ ತಂದ ಗಂಟು ಪುಟ್ಟಬಸಮ್ಮನ ಕಂಕುಳಲ್ಲಿ ಇನ್ನೂ ಹಾಗೇ ಇತ್ತು. ಹಿತ್ತಲಿಗೆ ಬಂದವಳು ಕೊಟ್ಟಿಗೆಯ ಗೋಡೆ ನೋಡುತ್ತ ನಿಂತುಬಿಟ್ಟಿದ್ದಳು. ಬೆರಣಿ ಇದ್ದ ಕಡೆಯೆಲ್ಲ ದುಂಡು ದುಂಡು ಕಲೆ ಮಾತ್ರ ಉಳಿದಿತ್ತು.

"ಒಂದೂ ಬುಡ್ಲಿಲ್ಲ ಕನ," ಎಂದ ಗಂಡ ಬಸವಯ್ಯ, ಬಲು ಹೆಮ್ಮೆಯಿಂದ. ಅವನ ಅಂಗೈಯಲ್ಲಿ ಬೆಳ್ಳಗೆ ನುಣುಪಾದ ವಿಭೂತಿಗಟ್ಟಿ ಇತ್ತು. "ಸಿವರಾತ್ರಿಗೆ ನೀನು ಊರಲ್ಲಿರ್ಲಿಲ್ಲ. ಮೂರು ಬೆಳ್ಳು ಎಳ್ದು ಮಡಗಿದ್ಯಲ್ಲ, ಇಬೂತಿಗೇಯ ಅಂತ ತಿಳ್ಕಂಡೆ. ಉರಿಯೋವಾಗ ಪಟಪಟ ಸಿಡೀತು. ಸಿವನ ಮಯ್ಮೆ ಅಂದ್ಕಂಡು ಕೈ ಮುಗ್ದೆ."

ಸಿಡಿದದ್ದು ಶಿವನ ಮಹಿಮೆಯಲ್ಲ, ಕುಂಬಳದ ಬೀಜ. ವರ್ಷವರ್ಷವೂ ಮಾಗಿಯಲ್ಲಿ ಬಳ್ಳಿಯ ದೊಡ್ಡ ಕಾಯಿ ಒಡೆದು, ಗಟ್ಟಿ ಬೀಜ ಆರಿಸಿ, ಹಸಿ ಸಗಣಿಯಲ್ಲಿಟ್ಟು ಗೋಡೆಗೆ ತಟ್ಟುತ್ತಿದ್ದಳು. ಹಾಗೆ ಇಟ್ಟರೆ ಹುಳ ಮುಟ್ಟುವುದಿಲ್ಲ. ಒಲೆಯ ಬೆರಣಿಯ ಜೊತೆ ಬೆರೆತುಹೋಗಬಾರದೆಂದು ಮೇಲೆ ಮೂರು ಬೆರಳು ಎಳೆಯುತ್ತಿದ್ದಳು. ಈ ಸಂಗತಿಯನ್ನು ಹುಲ್ಲಹಳ್ಳಿ ಊರಿಗೆಲ್ಲ ಹೇಳಿದವಳು ಗಂಡನಿಗೆ ಮಾತ್ರ ಹೇಳಿರಲಿಲ್ಲ. ಹಿತ್ತಲಿಗೆ ಎಲೆಯಡಿಕೆ ಉಗಿಯಲು ಬಿಟ್ಟರೆ ಬೇರೆ ಕೆಲಸಕ್ಕೆ ಬಾರದವನಿಗೆ ಹೇಳಿ ಆಗಬೇಕಾದ್ದೇನು ಅಂದುಕೊಂಡಿದ್ದಳು.

ಆ ಬೀಜ ಅವಳ ತವರು ಸೋಸಲೆಯ ಕಡೆಯದು. ಮದುವೆಯಲ್ಲಿ ಅವ್ವ ಅವಳ ಸೆರಗಿನ ತುದಿಗೆ ಗಂಟು ಹಾಕಿ ಕಳಿಸಿದ್ದು. ಅವ್ವ ಹೋಗಿ ಬಹಳ ಕಾಲವಾಗಿತ್ತು. ಅವ್ವನ ಹಿತ್ತಲಲ್ಲಿ ಅಣ್ಣ ಹುಲ್ಲಿನ ಮೆದೆ ಒಟ್ಟಿದ್ದನ್ನು ಪುಟ್ಟಬಸಮ್ಮ ಈ ಸಲ ಕಣ್ಣಾರೆ ಕಂಡು ಬಂದಿದ್ದಳು. ಅಲ್ಲಿ ಬಳ್ಳಿಯ ಸುಳಿವೂ ಇರಲಿಲ್ಲ.

ಭರಣಿ ಮಳೆಯ ಮೊದಲ ಹನಿ ಬಿದ್ದ ದಿನ ಗೆಳತಿಯರು ಅವಳ ಜಗಲಿಗೆ ಬರುವುದು ವಾಡಿಕೆ. ಪಕ್ಕದ ಬೀದಿಯ ರಾಚಮ್ಮ ಅವರೆಬೀಜ ತರುವಳು, ಸ್ಕೂಲು ಮೇಷ್ಟ್ರ ಹೆಂಡತಿ ಮಂಗಳಗೌರಿ ಸೇವಂತಿಗೆಯ ಸಸಿ. ಕುಂಬಳ ಮಾತ್ರ ಪುಟ್ಟಬಸಮ್ಮನದೇ. "ಬೀಜ ಎತ್ತಿಡೋ ಉಸಾಬರಿ ನಿಮಗ್ಯಾಕೆ, ನಾನಿಲ್ವಾ?" ಎಂದು ಗತ್ತಿನಿಂದ ಹಂಚುತ್ತಿದ್ದಳು. ಅಮಲ್ದಾರರ ಮನೆಯವರೇ ಕೇಳಿ ಕಳಿಸಿದ್ದ ಕಾಯಿ ಅದು.

"ಸಂತೇಲಿ ತಕ್ಕಬಂದಿವ್ನಿ," ಎಂದು, ಸಿಡಿದದ್ದೇನೆಂದು ತಿಳಿದ ಬಸವಯ್ಯ ಬೀಜದ ಪೊಟ್ಟಣ ತಂದಿಟ್ಟ. "ಕುಂಬ್ಳ ಕುಂಬ್ಳವೇ. ಯಾರ್ಗೊತ್ತಾದದು?"

ಅವಳು ಪೊಟ್ಟಣವನ್ನು ಗೋಡೆಯ ಗೂಡಿಗೆ ತಳ್ಳಿದಳು. ಆದರೆ ಭರಣಿ ಹನಿದ ದಿನ ಆ ಬೀಜವನ್ನೇ ಬಟ್ಟೆಚೂರಿನಲ್ಲಿ ಕಟ್ಟಿಟ್ಟುಕೊಂಡು ಜಗಲಿಯಲ್ಲಿ ಕೂತಳು. ರಾಚಮ್ಮ ಎಂದಿನಂತೆ ಸೆರಗೊಡ್ಡಿ ಗಂಟು ತೆಗೆದುಕೊಂಡಳು, ಎರಡು ಕಣ್ಣಿಗೂ ಒತ್ತಿಕೊಂಡಳು. ಪುಟ್ಟಬಸಮ್ಮನಿಗೆ ತಡೆಯಲಾಗಲಿಲ್ಲ.

"ಕೊಡಿಲ್ಲಿ. ಅದು ಸಂತೇದು."

ನಡೆದದ್ದನ್ನೆಲ್ಲ ಹೇಳಿದಳು. ಮಂಗಳಗೌರಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಒಳಗೆ ಕೂತಿದ್ದ ಬಸವಯ್ಯನ ಕಡೆ ಬಗ್ಗಿ ನೋಡಿದಳು. "ಹಾಗಾದ್ರೆ ಯಜಮಾನರ ಹಣೆ ಮೇಲಿರೋದು ಕುಂಬಳಕಾಯೇನ್ರೀ?"

ಪುಟ್ಟಬಸಮ್ಮನಿಗೂ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ನಗದೆ ಕೂತಿದ್ದವಳು ರಾಚಮ್ಮ ಒಬ್ಬಳೇ.

"ಅಕ್ಕ, ಬೈಯಲ್ಲ ಅಂದ್ರೆ ಒಂದ್ಮಾತು."

"ಬೈಯೋದು ಬುಡೋದು ಆಮ್ಯಾಕೆ. ಅದೇನಂತ ಏಳು."

"ನಾಕೊರ್ಸದಿಂದ ನಾನೂ ಎತ್ತಿಡ್ತಾವ್ನಿ ಕನಕ್ಕ. ನಿನ್ನ ಬೀಜವೇಯ. ನೀನು ಒಸದಾಗಿ ಕೊಡೋದ್ನ ತಾಂಡವಪುರದ ತಂಗಿಗೆ ಕಳಿಸ್ತಿದ್ದೆ. ನಂಜನಗೂಡಲ್ಲಿ ರೈಲಿಗೆ ಓಗೋರ ಕೈಲಿ. ಅವ್ಳು ನರಸೀಪುರದ ವಾರಗಿತ್ತಿಗೆ ಕೊಟ್ಟವ್ಳಂತೆ."

"ಮತ್ತೆ ವರ್ಸಾ ವರ್ಸಾ ಬಂದು ನನ್ತಾವ ಸೆರಗೊಡ್ತಿದ್ಯಲ್ಲಮ್ಮಿ?"

"ಕೊಡೋವಾಗ ನಿನ್ನ ಮೊಕ ನೋಡ್ಬೇಕಕ್ಕ," ಎಂದಳು ರಾಚಮ್ಮ. "ಬ್ಯಾಡ ಅಂತ ಎಂಗನ್ನದು?"

ಇಷ್ಟು ವಯಸ್ಸಾದರೂ ಪುಟ್ಟಬಸಮ್ಮ ರೈಲನ್ನು ದೂರದಿಂದ ಕಂಡದ್ದೇ ಹೊರತು ಹತ್ತಿರಲಿಲ್ಲ.

"ನಮ್ಮವ್ವನ ಕುಂಬ್ಳ ರೈಲು ಅತ್ತದಾ?"

"ಅತ್ತದೆ. ಅದ್ಕೇನು ರೋಗ," ಎನ್ನುತ್ತ ರಾಚಮ್ಮ ಮನೆಗೆ ಹೋಗಿ ಒಂದು ಬೆರಣಿ ತಂದಳು. ಅದರ ಮೇಲೂ ಮೂರು ಬೆರಳ ಗೀರು ಇತ್ತು, ಕೊಂಚ ಸೊಟ್ಟಗೆ. ಪುಟ್ಟಬಸಮ್ಮ ಎದ್ದು ನಿಂತು ಸೆರಗೊಡ್ಡಿ ಈಸಿಕೊಂಡಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಮುರಿದು, ಬೀಜ ಕೆದಕಿ, ಮೂರು ಪಾಲು ಮಾಡಿ, ಹಳೆಯ ಗತ್ತಿನಲ್ಲೇ ಕೈ ಚಾಚಿದಳು.

"ತಗಳಿ. ಕ್ಯಾಮೆ ಕಲ್ತೀರಿ, ಗೀರು ಮಾತ್ರ ನೆಟ್ಟಗೆ ಎಳೆಯೋದ ಕಲೀಲಿಲ್ಲ."

ಆಷಾಢದ ಗಾಳಿಗೆ ಬಳ್ಳಿ ಕೊಟ್ಟಿಗೆಯ ಸೂರು ಹಿಡಿಯಿತು. ಮೂವರೂ ಸಂಜೆ ಸಂಜೆ ಒಬ್ಬರ ಹಿತ್ತಲಿಂದ ಇನ್ನೊಬ್ಬರ ಹಿತ್ತಲಿಗೆ ಹೋಗಿ ಚಿಗುರಿನ ಉದ್ದಕ್ಕೆ ಗೇಣು ಹಾಕಿದರು. ಶ್ರಾವಣದಲ್ಲಿ ಬರೀ ಗಂಡು ಹೂವು ಬಂದಾಗ ಮಂಗಳಗೌರಿ, "ನಮ್ಮ ಮೇಷ್ಟ್ರ ಹಾಗೆ ಕಣ್ರೀ, ನೋಡೋಕಷ್ಟೇ ಚೆಂದ," ಎಂದಳು. ದೀಪಾವಳಿ ಕಳೆದು ಮಠದ ದಾಸೋಹಕ್ಕೆ ಹೋದ ಕಾಯಿಯನ್ನು ಕೊಡಲಿಯಲ್ಲಿ ಒಡೆಯಬೇಕಾಯಿತು. ಯಾರ ಹಿತ್ತಲಿನದು ಎಂದು ಕೇಳಿದವರಿಗೆ ಪುಟ್ಟಬಸಮ್ಮ, "ನಮ್ಮ ಮೂರು ಜನದ್ದು. ತಾಂಡವಪುರದಲ್ಲೂ ಅದೆ, ನರಸೀಪುರದಲ್ಲೂ ಅದೆ," ಎಂದು ಕೇಳದ ಊರಿನ ಲೆಕ್ಕವನ್ನೂ ಒಪ್ಪಿಸಿದಳು.

ಮಾಗಿಯ ಬಿಸಿಲಿನಲ್ಲಿ ಕೊಟ್ಟಿಗೆಯ ಗೋಡೆ ಮತ್ತೆ ತುಂಬಿತು. ಈ ಸಲ ಗೀರು ಇರಲಿಲ್ಲ. ಬೀಜದ ಬೆರಣಿಗಳ ಮೇಲೆಲ್ಲ ಇಡೀ ಅಂಗೈ ಮೂಡಿತ್ತು. ಒಂದು ಅಗಲ, ಒಂದು ಸಣ್ಣದು, ಇನ್ನೊಂದು ಕೊಂಚ ಸೊಟ್ಟ. ಎಲೆಯಡಿಕೆ ಉಗಿಯಲು ಬಂದ ಬಸವಯ್ಯ ಗೋಡೆ ಕಂಡವನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೈ ತಾಗದ ಹಾಗೆ ಪಕ್ಕದಲ್ಲೇ ನಡೆದುಹೋದ.